ಅಳತೆಗೋಲು ಮತ್ತು ನ್ಯಾಯದಂಡ

ಮಾನವನು ಉದ್ದವನ್ನು ಅಳೆಯಲು ಕಲಿತದ್ದು ತನ್ನ ದೇಹದಿಂದಲೇ. ಗೇಣು, ಅಡಿ, ಮೊಳ, ಮಾರು ಇವೆಲ್ಲವೂ ಅವನ ಕೈಕಾಲುಗಳಿಂದ ಹುಟ್ಟಿದವು. ಸ್ಪೇನ್ ದೇಶದ ಹಳೆಯ ಅಳತೆಗಳೂ ಹಾಗೆಯೇ. ಅಲ್ಲಿ ನಾಲ್ಕು ಗೇಣು ಅಥವಾ ಮೂರು ಅಡಿ ಸೇರಿದರೆ ಒಂದು 'ವಾರಾ'. ವಾರಾ ಎಂದರೆ ಕೋಲು. ಊರಿನ ನ್ಯಾಯಾಧಿಕಾರಿಯು ಅಧಿಕಾರದ ಚಿಹ್ನೆಯಾಗಿ ಹಿಡಿಯುತ್ತಿದ್ದ ದಂಡಕ್ಕೂ ಅದೇ ಹೆಸರು. ಅಳೆಯುವ ಕೋಲೂ ನ್ಯಾಯದ ಕೋಲೂ ಒಂದೇ ಹೆಸರನ್ನು ಹೊತ್ತಿದ್ದುದು ಅರ್ಥಪೂರ್ಣವಾಗಿದೆ.

ಪ್ರಾಂತಕ್ಕೊಂದು ವಾರಾ ಇದ್ದ ಕಾಲದಲ್ಲಿ ವ್ಯವಹಾರ ಕಷ್ಟವಾಗಿತ್ತು. ಆದುದರಿಂದ 1568ರಲ್ಲಿ ಎರಡನೆಯ ಫಿಲಿಪ್ ದೊರೆಯು ಬುರ್ಗೋಸ್ ನಗರದ ವಾರಾವನ್ನೇ ಪ್ರಮಾಣವೆಂದು ವಿಧಿಸಿದನು. ಅದರ ಉದ್ದ ಸುಮಾರು 83.6 ಸೆಂಟಿಮೀಟರು. ಆದರೆ ರಾಜಾಜ್ಞೆ ಹೊರಟ ಮಾತ್ರಕ್ಕೆ ಅಳತೆ ಒಂದಾಗುವುದೇ? ಸಾಗರದಾಚೆಯ ವಸಾಹತುಗಳಲ್ಲಿ ನೆಲವನ್ನು ಹಗ್ಗದಿಂದ ಅಳೆಯುತ್ತಿದ್ದರು. ನೆನೆದರೆ ಹಗ್ಗ ಕುಗ್ಗುತ್ತಿತ್ತು, ಎಳೆದರೆ ಹಿಗ್ಗುತ್ತಿತ್ತು. ಕಾಲಾನಂತರ ಟೆಕ್ಸಾಸಿನ ವಾರಾ ಮೂವತ್ತಮೂರೂ ಮೂರನೆಯ ಒಂದು ಅಂಗುಲವಾಯಿತು. ಕ್ಯಾಲಿಫೋರ್ನಿಯದ್ದು ಮೂವತ್ತಮೂರೇ ಅಂಗುಲವಾಯಿತು. ಇದು ಅಲ್ಪ ವ್ಯತ್ಯಾಸವೆಂದು ಕೆಲವರು ನಗಬಹುದು. ಆದರೆ 5000 ವಾರಾಗಳ ಒಂದು 'ಲೆಗುವಾ' ದೂರಕ್ಕೆ ಈ ಅಂತರ ಸುಮಾರು 139 ಅಡಿಯಾಗುತ್ತದೆ. ಅಷ್ಟು ನೆಲದಲ್ಲಿ ಒಬ್ಬ ಬಡವನ ಮನೆಯೂ ಹಿತ್ತಿಲೂ ಅಡಗಬಲ್ಲವು.

ಕೋಲಿನ ಉದ್ದ ಸರಿಯಾಗಿದ್ದರೂ ಸಾಲದು. ಅದನ್ನು ಎಲ್ಲಿ ಊರಬೇಕೆಂಬುದೂ ಮುಖ್ಯ. ಇಂದಿನ ಮೆಕ್ಸಿಕೋ ಪ್ರದೇಶದಲ್ಲಿ ಮೂಲನಿವಾಸಿಗಳ ಹಳ್ಳಿಗಳಿಗೆ ನಾಲ್ಕು ದಿಕ್ಕುಗಳಲ್ಲಿಯೂ 600 ವಾರಾ ಭೂಮಿ ಸಲ್ಲಬೇಕೆಂದೂ, ಅದನ್ನು ಊರಿನ ಕಟ್ಟಕಡೆಯ ಮನೆಯಿಂದ ಅಳೆಯಬೇಕೆಂದೂ 1687ರಲ್ಲಿ ರಾಜಾಜ್ಞೆಯಾಯಿತು. ನೆರೆಯ ಜಮೀನುದಾರರು ಇದನ್ನು ವಿರೋಧಿಸಿದರು. 1695ರಲ್ಲಿ ಆಜ್ಞೆ ತಿದ್ದುಪಡಿಯಾಯಿತು: ಇನ್ನು ಮುಂದೆ ಊರ ನಡುವಣ ಚರ್ಚಿನಿಂದ ಅಳೆಯಬೇಕು! ವಾರಾ ಒಂದು ಕೂದಲೆಳೆಯಷ್ಟೂ ಕುಗ್ಗಲಿಲ್ಲ; ಆರುನೂರು ಎಂಬ ಸಂಖ್ಯೆಯೂ ಬದಲಾಗಲಿಲ್ಲ. ಆದರೂ ಹಳ್ಳಿಗರಿಗೆ ಸಲ್ಲಬೇಕಾದ ನೆಲ ಕುಗ್ಗಿತು. ಅವರ ಮನೆಗಳು ನಿಂತ ಜಾಗವೂ ಆ ಲೆಕ್ಕದಲ್ಲಿಯೇ ಸೇರಿಹೋಯಿತು.

1849ರಲ್ಲಿ ಸ್ಪೇನ್ ಮೀಟರ್ ಪದ್ಧತಿಯನ್ನು ಕಾನೂನಿನ ಮೂಲಕ ಸ್ವೀಕರಿಸಿತು. ಜಗತ್ತಿಗೆಲ್ಲ ಒಂದೇ ಅಳತೆ ಎಂಬುದು ದೊಡ್ಡ ಉಪಕಾರವೇ ಸರಿ. ಆದರೆ ನಿಖರವಾದ ಕೋಲು ತಾನಾಗಿಯೇ ನ್ಯಾಯವನ್ನು ತಂದುಕೊಡದು. ಅಳೆಯುವವನ ಮನಸ್ಸು ನೇರವಾಗಿರಬೇಕು; ಅಳತೆ ಎಲ್ಲಿಂದ ಆರಂಭವಾಯಿತೆಂದು ಕೇಳುವ ಧೈರ್ಯ ಅಳೆಸಿಕೊಳ್ಳುವವನಿಗೂ ಇರಬೇಕು. ಆಗ ಮಾತ್ರ ಅಳತೆಗೋಲು ನ್ಯಾಯದಂಡವೆಂಬ ತನ್ನ ಇನ್ನೊಂದು ಹೆಸರಿಗೆ ತಕ್ಕುದಾಗುತ್ತದೆ.