ಹೊಗೆಯಿಲ್ಲದ ಬೆಂಕಿ

ಆರಿದ್ರಾ ಮಳೆ ಹಿಡಿಯಿತೆಂದರೆ ಕಳಸ, ಮೂಡಿಗೆರೆಗಳ ಕಡೆ ಅಗ್ನಿದೇವನಿಗೆ ಅಡುಗೆಮನೆಯ ಹೊರಗೂ ಒಂದು ಸ್ಥಾನ ದೊರೆಯುವುದು. ಬಟ್ಟೆ ಒಣಗಬೇಕು, ಮುದುಕರ ಕೈಕಾಲು ಬೆಚ್ಚಗಾಗಬೇಕು, ಬಾಣಂತಿಗೆ ಶೀತ ತಾಗಬಾರದು. ಇದಕ್ಕಾಗಿ ನಮ್ಮ ಹಿರಿಯರು ಕೆಂಡ ತುಂಬಿದ ಅಗ್ಗಿಷ್ಟಿಕೆಯನ್ನು ಬಳಸುತ್ತ ಬಂದರು. ಅದಕ್ಕೂ ಬೀಡುಕಬ್ಬಿಣದ ಸೌದೆ ಒಲೆಗೂ ಇರುವ ತಾರತಮ್ಯವನ್ನು ಈ ತಿಂಗಳು ವಾಚಕರೊಡನೆ ವಿಚಾರ ಮಾಡಬೇಕೆಂದಿರುವೆವು. ಅದಕ್ಕೆ ಕಾರಣವೂ ಉಂಟು.

ಕಳೆದ ಆಷಾಢದಲ್ಲಿ ಕಳಸದ ಸೀಮೆಯಲ್ಲಿರುವ ತಂಗಿಯ ಮನೆಗೆ ಹೋಗಿದ್ದೆವು. ಅವಳ ಮಗಳು ಬಾಣಂತನಕ್ಕೆ ಬಂದಿದ್ದಳು. ಹಳೆಯ ಹೆಂಚಿನ ಮನೆಗೆ ತಾಗಿದಂತೆ ತಾರಸಿ ಹಾಕಿ, ಗಾಜಿನ ಕಿಟಕಿಯಿಟ್ಟು ಹೊಸದಾಗಿ ಕಟ್ಟಿಸಿದ ಕೋಣೆಯಲ್ಲಿ ತಾಯಿಮಕ್ಕಳು ಮಲಗುತ್ತಿದ್ದರು. ಒಂದು ಗಾಳಿಮಳೆಯ ರಾತ್ರಿ ಹೊಗೆಯಾಡದಂತೆ ಚೆನ್ನಾಗಿ ನಿಗಿನಿಗಿಸುವ ಕೆಂಡವನ್ನೇ ಆರಿಸಿ ಅಗ್ಗಿಷ್ಟಿಕೆಗೆ ತುಂಬಿಸಿದವರೂ, “ಕೂಸಿಗೆ ಥಂಡಿಯಾದೀತು, ಕದ ಭದ್ರವಾಗಿ ಹಾಕಿಕೊಳ್ಳಿರಮ್ಮ” ಎಂದವರೂ ನಾವೇ. ನಡುರಾತ್ರಿಯಲ್ಲಿ ತಂಗಿಯು ತಲೆ ಸಿಡಿಯುತ್ತಿದೆಯೆಂದು ಎದ್ದಳು. ಮಗಳನ್ನು ಕರೆದರೆ ಓಗೊಡಲಿಲ್ಲ. ಕದ ತೆರೆದು ಕೂಗಿಕೊಂಡಳು. ಬಾಣಂತಿಯನ್ನೂ ಕೂಸನ್ನೂ ಜಗಲಿಗೆ ಎತ್ತಿ ತಂದು, ಆ ಮಳೆಯಲ್ಲಿಯೇ ಆಸ್ಪತ್ರೆಗೆ ಸಾಗಿಸಿದೆವು. ಭಗವಂತನ ದಯೆಯಿಂದ ಇಬ್ಬರೂ ಉಳಿದರು. ವೈದ್ಯರು ನಮ್ಮನ್ನು ಗದರಿಸಲಿಲ್ಲ. ಕಿಟಕಿ ತೆರೆದಿತ್ತೆ ಎಂದು ಮಾತ್ರ ಕೇಳಿದರು.

ಹೊಗೆಯಿದ್ದಲ್ಲಿ ಬೆಂಕಿಯುಂಟೆಂದು ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿದೆವು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕಾಗಿಲ್ಲವೆಂಬುದಕ್ಕೆ ತಾರ್ಕಿಕರು ಕೊಡುವ ಕಾದ ಕಬ್ಬಿಣದ ಗುಂಡಿನ ದೃಷ್ಟಾಂತವನ್ನೂ ಹೇಳಿದೆವು. ಆದರೆ ಹೊಗೆಯಿಲ್ಲದ ಬೆಂಕಿಯು ನಿರಪಾಯವೆಂದು ಯಾವ ಶಾಸ್ತ್ರವೂ ಹೇಳಿರಲಿಲ್ಲ. ಅದು ನಾವಾಗಿಯೇ ಕಟ್ಟಿಕೊಂಡ ಭ್ರಮೆ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವು ಹೊರಡುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತವು ಪ್ರಾಣವಾಯುವಿಗಿಂತ 200 ಪಾಲಿಗೂ ಮಿಗಿಲಾದ ಬಿಗಿಯಿಂದ ಅದನ್ನು ಹಿಡಿದುಕೊಳ್ಳುವುದು. ಹಳೆಯ ಮನೆಗಳಲ್ಲಿ ಅದು ಹೆಂಚಿನ ಸಂದುಗಳಿಂದ ಹೊರಗೆ ಹೋಗುತ್ತಿತ್ತು. ಹಿರಿಯರನ್ನು ಕಾಪಾಡಿದುದು ಅಗ್ಗಿಷ್ಟಿಕೆಯ ಗುಣವಲ್ಲ, ಮಾಡಿನ ಗುಣ. ಮಾಡನ್ನು ಬದಲಾಯಿಸಿದ ನಾವು ಅಗ್ಗಿಷ್ಟಿಕೆಯನ್ನು ಬದಲಾಯಿಸಲಿಲ್ಲ.

ಬೀಡುಕಬ್ಬಿಣದ ಒಲೆಯ ಮೇಲ್ಮೆಯಿರುವುದು ಇಲ್ಲಿಯೇ. ಬೆಂಕಿಯು ಪೆಟ್ಟಿಗೆಯೊಳಗೆ, ಅದರ ಉಸಿರು ಕೊಳವೆಯ ಮೂಲಕ ಮಾಡಿನ ಮೇಲೆ, ಕೋಣೆಗೆ ಬರುವುದು ಶಾಖ ಮಾತ್ರ. ಬಿಳಿಯರ ಕಾಲದ ತೋಟದ ಬಂಗಲೆಗಳಲ್ಲಿ ಗೋಡೆಯೊಳಗಿರುವ ತೆರೆದ ಬೆಂಕಿಗೂಡಿನಲ್ಲಾದರೋ ಶಾಖದ ಬಹುಪಾಲು ಹೊಗೆಯೊಡನೆ ಹೊರಟುಹೋಗುವುದು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಮಹಾಶಯನು ಈ ನಷ್ಟವನ್ನೆಣಿಸಿಯೇ ಕಬ್ಬಿಣದ ಅಗ್ಗಿಷ್ಟಿಕೆಯೊಂದನ್ನು ರೂಪಿಸಿ, 1744ರಲ್ಲಿ ಅದರ ವಿವರಣೆಯನ್ನು ಅಚ್ಚು ಹಾಕಿಸಿದನು. ನಮ್ಮಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಅಡುಗೆಗಾಗಿ ರೂಪಿಸಿದ ಅಸ್ತ್ರ ಒಲೆಯು ಹೊಗೆಗೆ ಕೊಳವೆಯ ದಾರಿ ತೋರಿಸಿತು.

ಆದರೆ ಒಲೆ ಬಂದ ಮಾತ್ರಕ್ಕೆ ವಿವೇಕವು ಬಂದಂತಾಗಲಿಲ್ಲ. ಸೌದೆಯನ್ನು ಬೇಸಗೆಯಲ್ಲಿಯೇ ಸೀಳಿ, ಮಳೆಗಾಲಕ್ಕೆ ಮುಂಚೆ ಕೊಟ್ಟಿಗೆಯಲ್ಲಿ ಒಟ್ಟಬೇಕು. ಹಸಿಸೌದೆ ಉರಿಸಿದರೆ ಕೊಳವೆಯೊಳಗೆ ಡಾಂಬರಿನಂಥ ಮಸಿ ಕಟ್ಟಿ, ಅದಕ್ಕೇ ಕಿಚ್ಚು ಹಿಡಿಯಬಹುದು. ಆದುದರಿಂದ ವರ್ಷವರ್ಷವೂ ಕೊಳವೆಯನ್ನು ಗುಡಿಸತಕ್ಕುದು. ಕಾದ ಒಲೆಗೆ ನೀರೆರಚಿದರೆ ಬೀಡುಕಬ್ಬಿಣವು ಬಿರಿಯುವುದು. ಒಳಗೆ ಕೆಂಡವಿರುವವರೆಗೂ ಕೊಳವೆಯ ದಾರಿಯನ್ನು ಮುಚ್ಚಕೂಡದು. ಕೋಣೆಗೆ ಹೊಸ ಗಾಳಿ ಬರುವ ಕಿಂಡಿಯೂ ಇರಲೇಬೇಕು.

ಇಂತಹ ಒಲೆಯನ್ನು ಕೊಳ್ಳುವುದು ಎಲ್ಲರಿಗೂ ಸಾಧ್ಯವಲ್ಲವೆಂಬುದನ್ನು ಬಲ್ಲೆವು. ಕೊಳ್ಳಲಾರದವರು ಕಂಬಳಿಯನ್ನು ಇನ್ನೊಂದು ಹೊದೆಯಲಿ. ಕೆಂಡದ ಅಗ್ಗಿಷ್ಟಿಕೆಯನ್ನು ತೆರೆದ ಜಗಲಿಯಲ್ಲಿಟ್ಟು ಕೈ ಕಾಯಿಸಲಿ. ಮಲಗುವ ಕೋಣೆಯೊಳಗೆ ಮಾತ್ರ ತಾರದಿರಲಿ. ತಂಗಿಯ ಮೊಮ್ಮಗುವು ಈಗ ಅದೇ ಜಗಲಿಯಲ್ಲಿ ಗೋಡೆ ಹಿಡಿದು ನಡೆಯಲು ಕಲಿಯುತ್ತಿದೆ. ಅದನ್ನು ಕಂಡಾಗಲೆಲ್ಲ ಅಂದು ಕದ ಹಾಕಿರೆಂದ ನಮ್ಮ ಮಾತು ನೆನಪಾಗುವುದು. ವಾಚಕರ ಮನೆಯಲ್ಲಿ ಅಂತಹ ಮಾತನ್ನು ಯಾವ ಹಿರಿಯರೂ ಆಡದಿರಲೆಂದು ಇದನ್ನು ಬರೆದಿರುವೆವು.