ಗನ್ನಿನ ಎದುರು ಯಾರು, ಪಕ್ಕದಲ್ಲಿ ಯಾರು?

ಗಲ್ಫ್‌ನಿಂದ ಬರುವ ಪೆಟ್ಟಿಗೆಯಲ್ಲಿ ಮೊದಲೆಲ್ಲ ಟಾರ್ಚು, ಅತ್ತರು, ಕಂಬಳಿ, ಹಾಲಿನ ಪುಡಿ ಇರುತ್ತಿತ್ತು. ಈಗ ಅದರ ನಡುವೆ ಬಟ್ಟೆ ಸುತ್ತಿ ಜೋಪಾನವಾಗಿಟ್ಟ ಗೇಮ್ ಕನ್ಸೋಲ್ ಒಂದು ಇರುವುದೂ ಉಂಟು. ಮಾಮ ತಂದದ್ದು, ಬೇಡ ಅನ್ನುವ ಹಾಗಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಬೇಕರಿ, ಹೋಟೆಲು ಅಂತ ಘಟ್ಟ ಹತ್ತಿ ಬಂದ ನಮ್ಮ ಮನೆಗಳಲ್ಲೂ ಅದು ಟಿವಿಯ ಕೆಳಗೆ ಕೂತಿದೆ. ಬಾಪ ರಾತ್ರಿ ಹತ್ತೂವರೆಗೆ ಶಟರ್ ಎಳೆದು ಮನೆಗೆ ಬಂದರೆ ಹುಡುಗ ಕಣ್ಣು ಮಿಟುಕಿಸದೆ ಕೂತಿರುತ್ತಾನೆ. ಟಿವಿಯಲ್ಲಿ ವಿಚಿತ್ರ ಮುಖದ ಜೀವಿಗಳು, ಕೈಯಲ್ಲಿ ಬಂದೂಕು, ಢಂ ಢಂ ಸದ್ದು. ಬಾಪನ ಬಾಯಿಯಿಂದ ಬರುವ ಮೊದಲ ಮಾತು: ‘ಬಂದ್ ಮಾಡು ಅದನ್ನು.’

ಬಂದ್ ಮಾಡಿಸುವುದು ಸುಲಭ, ಮಾರಾಯ್ರೆ. ಆದರೆ ಏನನ್ನು ಬಂದ್ ಮಾಡಿಸುತ್ತಿದ್ದೇವೆ ಅಂತ ನಮಗೆ ಗೊತ್ತಿದೆಯಾ? ಆಟ ಒಳ್ಳೆಯದೋ ಕೆಟ್ಟದೋ ಅಂತ ಒಂದೇ ಪ್ರಶ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ. ಎರಡು ಪ್ರಶ್ನೆ ಕೇಳಬೇಕು ಎನ್ನುವುದು ನನ್ನ ಅಭಿಪ್ರಾಯ. ಗನ್ನಿನ ಎದುರು ಯಾರಿದ್ದಾರೆ? ಮಗುವಿನ ಪಕ್ಕದಲ್ಲಿ ಯಾರಿದ್ದಾರೆ?

ಮೊದಲು ಈ ಆಟದ ಬಗೆ ತಿಳಿಯೋಣ. ಇದರಲ್ಲಿ ಆಡುವವನಿಗೆ ತನ್ನ ಬೊಂಬೆ ಕಾಣುವುದಿಲ್ಲ. ಟಿವಿಯ ಪರದೆಯೇ ಅವನ ಕಣ್ಣು, ಕೆಳಗಿನ ಮೂಲೆಯಲ್ಲಿ ಕಾಣುವ ಬಂದೂಕು ಅವನ ಕೈ. ಇದನ್ನು ‘ಫಸ್ಟ್ ಪರ್ಸನ್ ಶೂಟರ್’ ಅನ್ನುತ್ತಾರೆ. ಕನ್ಸೋಲಿನಲ್ಲಿ ಈ ಬಗೆಯ ಆಟವನ್ನು ಮನೆಮಾತು ಮಾಡಿದ್ದು ‘ಹ್ಯಾಲೋ’. 2001ರ ನವೆಂಬರ್ 15ರಂದು ಮೈಕ್ರೋಸಾಫ್ಟ್‌ನ ಮೊದಲ ಎಕ್ಸ್‌ಬಾಕ್ಸ್ ಜೊತೆಗೇ ಅಮೆರಿಕದಲ್ಲಿ ಬಂತು. ಬಾಹ್ಯಾಕಾಶದಲ್ಲಿ ತೇಲುವ ಬಳೆಯಂಥ ಒಂದು ಲೋಕ, ಅಲ್ಲಿ ‘ಕವನೆಂಟ್’ ಎಂಬ ಅನ್ಯಗ್ರಹದವರ ಕೂಟ, ಅವರ ಎದುರು ಹಸಿರು ಕವಚ ತೊಟ್ಟ ಒಬ್ಬ ಯೋಧ. ಇಷ್ಟೇ ಕಥೆ. ಭಾರತದಲ್ಲಿ ಎಕ್ಸ್‌ಬಾಕ್ಸ್ 360 ಅಧಿಕೃತವಾಗಿ ಮಾರಾಟಕ್ಕೆ ಬಂದದ್ದು 2006ರಲ್ಲಿ.

ಇದೆಲ್ಲ ಹೊಸ ಕಾಲದ ಹುಚ್ಚು ಅಂತ ಅನ್ನುವ ಬಾಪಂದಿರು ಸ್ವಲ್ಪ ಹಿಂದೆ ತಿರುಗಿ ನೋಡಲಿ. ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಆ ಹಳದಿ ಕ್ಯಾಸೆಟ್ಟಿನ ಗೇಮ್ ನೆನಪಿದೆಯಾ? ಅದರಲ್ಲಿ ಎಲ್ಲರೂ ಆಡಿದ ‘ಕಾಂಟ್ರಾ’ ಜಪಾನಿನ ಕೊನಾಮಿ ಕಂಪೆನಿ 1987ರಲ್ಲಿ ಮಾಡಿದ ಆಟ. ಅದರಲ್ಲೂ ಇಬ್ಬರು ಯೋಧರು, ಅದರಲ್ಲೂ ಕೊನೆಗೆ ಎದುರಾಗುವುದು ಅನ್ಯಗ್ರಹದ ಜೀವಿಗಳೇ. ಅಣ್ಣ ಒಂದು ರಿಮೋಟು, ತಮ್ಮ ಒಂದು ರಿಮೋಟು ಹಿಡಿದು ಕೂರುತ್ತಿದ್ದರು. ಅಣ್ಣ ಸತ್ತರೆ ತಮ್ಮನ ಜೀವ ಕಡ ತೆಗೆದುಕೊಳ್ಳುತ್ತಿದ್ದ. ಈಗ ಶಟರ್ ಎಳೆದು ಬರುವ ಬಾಪ ಅಂದು ಆ ತಮ್ಮನೇ ಆಗಿದ್ದಿರಬಹುದು.

ಇನ್ನು ಎದುರು ಯಾರಿದ್ದಾರೆ ಎಂಬ ಪ್ರಶ್ನೆ. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್ವೇಡರ್ಸ್’ ಎಂಬ ಆಟ ಮಾಡಿದರು. ಮನುಷ್ಯರಿಗೆ ಗುಂಡು ಹೊಡೆಯುವುದನ್ನು ಆಟ ಮಾಡುವುದು ಸರಿಯಲ್ಲ ಅನ್ನಿಸಿದ್ದರಿಂದಲೇ ಅವರ ಆಟದಲ್ಲಿ ಶತ್ರುಗಳು ಅನ್ಯಗ್ರಹದ ಜೀವಿಗಳಾದರು. ಅಂದರೆ ಈ ವಿಚಿತ್ರ ಮುಖಗಳು ಹುಟ್ಟಿದ್ದೇ ಒಂದು ಸಂಕೋಚದಿಂದ. ಆದರೆ ಎಲ್ಲ ಆಟಗಳಿಗೂ ಆ ಸಂಕೋಚ ಇಲ್ಲ. 2007ರಲ್ಲಿ ಬಂದ ‘ಕಾಲ್ ಆಫ್ ಡ್ಯೂಟಿ 4’ರಲ್ಲಿ ಯುದ್ಧದ ಒಂದು ಭಾಗ ನಡೆಯುವುದು ಹೆಸರಿಲ್ಲದ ಒಂದು ಮಧ್ಯಪ್ರಾಚ್ಯ ದೇಶದಲ್ಲಿ. ಅಲ್ಲಿ ಎದುರು ನಿಂತವರು ನಮ್ಮ ಮಾಮ, ಕಾಕಂದಿರು ದುಡಿಯುವ ಊರಿನ ಜನರನ್ನೇ ಹೋಲುತ್ತಾರೆ.

ಬಾಗಿಲಲ್ಲಿ ನಿಂತು ನೋಡುವ ಬಾಪನಿಗೆ ಎರಡೂ ಒಂದೇ, ಎರಡರಲ್ಲೂ ಢಂ ಢಂ ಸದ್ದು. ಕೂತು ಆಡುವ ಹುಡುಗನಿಗೆ ಎರಡೂ ಒಂದೇ ಅಲ್ಲ. ಒಂದರಲ್ಲಿ ಕಲ್ಪನೆಯ ಪ್ರಾಣಿ. ಇನ್ನೊಂದರಲ್ಲಿ ಗಂಟೆಗಟ್ಟಲೆ ಗುರಿ ಇಡುವುದು ತನ್ನಂಥದೇ ಮುಖಗಳಿಗೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ‘ಎಲ್ಲ ಹಾಳು’ ಅಂದುಬಿಟ್ಟರೆ ಹುಡುಗ ನಮ್ಮ ಮಾತಿಗೆ ಬೆಲೆ ಕೊಡುವುದನ್ನು ಬಿಡುತ್ತಾನೆ, ಯಾಕೆಂದರೆ ನಮಗೆ ಗೊತ್ತಿಲ್ಲ ಎನ್ನುವುದು ಅವನಿಗೆ ಗೊತ್ತು.

ಹ್ಯಾಲೋ ಕಥೆಯಲ್ಲಿ ಇನ್ನೊಂದು ತಿರುವು ಉಂಟು. 2004ರಲ್ಲಿ ಬಂದ ಎರಡನೇ ಭಾಗದಲ್ಲಿ ಅರ್ಧ ಆಟವನ್ನು ಅನ್ಯಗ್ರಹದವನೊಬ್ಬನ ಕಣ್ಣಿನಿಂದ ಆಡಬೇಕು. ಮೊದಲ ಭಾಗದಲ್ಲಿ ಕೊಂದು ಹಾಕಿದ ಜಾತಿಯವನೇ ಅವನು. ತನ್ನ ನಾಯಕರು ಹೇಳಿದ್ದು ಸುಳ್ಳು ಅಂತ ಅವನಿಗೆ ಅರ್ಥವಾಗುತ್ತದೆ, ಕೊನೆಗೆ ಮನುಷ್ಯರ ಜೊತೆ ನಿಲ್ಲುತ್ತಾನೆ. ಆಟದಲ್ಲಿ ಅವನನ್ನು ‘ಆರ್ಬಿಟರ್’ ಅನ್ನುತ್ತಾರೆ. ಮೊದಲು ಇಟ್ಟ ಹೆಸರು ‘ಡರ್ವಿಶ್’, ಅಂದರೆ ನಮ್ಮ ದರ್ವೇಶಿ. ಅನ್ಯಗ್ರಹದ ಧರ್ಮಯೋಧನಿಗೆ ಈ ಹೆಸರಿಟ್ಟರೆ ಇಸ್ಲಾಮಿನ ಕಡೆ ಬೊಟ್ಟು ಮಾಡಿದ ಹಾಗಾಗುತ್ತದೆ ಅಂತ ಕಂಪೆನಿಯ ಒಳಗೇ ಆಕ್ಷೇಪ ಎದ್ದು, ಆಟ ಬಿಡುಗಡೆಯಾಗುವ ಮೊದಲೇ ಹೆಸರು ಬದಲಾಯಿತು. ಹೊರಗಿನಿಂದ ಹೇಳಿದರೂ ಕೇಳುತ್ತಾರೆ. ಕಾಲ್ ಆಫ್ ಡ್ಯೂಟಿಯ ಒಂದು ಆಟದಲ್ಲಿ ಬಚ್ಚಲುಮನೆಯ ಗೋಡೆಯ ಚಿತ್ರಪಟದ ಚೌಕಟ್ಟಿನಲ್ಲಿ ಪವಿತ್ರ ವಚನ ಇದ್ದದ್ದನ್ನು ಆಟಗಾರರೇ ತೋರಿಸಿಕೊಟ್ಟರು. 2012ರಲ್ಲಿ ಕಂಪೆನಿ ಆ ಭಾಗವನ್ನೇ ಹಿಂದೆಗೆಯಿತು. 2021ರಲ್ಲಿ ಅದೇ ಸರಣಿಯ ಇನ್ನೊಂದು ಆಟದಲ್ಲಿ ಕುರ್‌ಆನಿನ ಹಾಳೆಗಳು ನೆಲದ ಮೇಲೆ ಬಿದ್ದಂತೆ ತೋರಿಸಿದ್ದಕ್ಕೆ ಕ್ಷಮೆ ಕೇಳಿತು. ಇದನ್ನೆಲ್ಲ ಕಂಡುಹಿಡಿದವರು ಆಟ ಆಡುವ ಮಕ್ಕಳೇ ಹೊರತು, ಬಾಗಿಲಲ್ಲಿ ನಿಂತು ಗದರಿದವರಲ್ಲ.

ಹಾಗಂತ ಭಯಪಡುವಂಥದ್ದು ಏನೂ ಇಲ್ಲ ಅಂತ ನಾನು ಹೇಳುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ನಮ್ಮದೇ ಬೆಳಗಾವಿಯ ಪಕ್ಕದ ಕಾಕತಿಯಲ್ಲಿ, ಮೊಬೈಲಿನಲ್ಲಿ ಪಬ್‌ಜಿ ಆಡಬೇಡ ಅಂದ ತಂದೆಯನ್ನು ಮಗನೇ ಕೊಂದ ಸುದ್ದಿ ಬಂತು. ಈ ಜಿಲ್ಲೆಯ ಯಾವ ತಾಯಿಯೂ ಅದನ್ನು ಮರೆತಿಲ್ಲ. ಅಲ್ಲಿ ಆದದ್ದಕ್ಕೆ ಆಟ ಒಂದೇ ಕಾರಣ ಅಂತ ತೀರ್ಪು ಕೊಡಲು ನಾವು ಯಾರೂ ಅಲ್ಲ. ಒಂದು ಮನೆಯ ದುಃಖವನ್ನು ಎಲ್ಲ ಹುಡುಗರ ಹಣೆಗೆ ಹಚ್ಚುವುದೂ ನ್ಯಾಯವಲ್ಲ. ಆದರೆ ಮನೆಯೊಳಗೆ ಮಾತು ಮುರಿದುಬಿದ್ದರೆ ಎಲ್ಲಿಗೆ ಹೋಗಬಹುದು ಅಂತ ಆ ಸುದ್ದಿ ತೋರಿಸಿತು.

ಆಟ ಕಾಯಿಲೆಯಾಗುವುದು ಯಾವಾಗ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಇದೆ. ಅದರ ಲಕ್ಷಣ ಮೂರು. ಆಟದ ಮೇಲೆ ಹಿಡಿತ ತಪ್ಪುವುದು. ಊಟ, ನಿದ್ದೆ, ಓದು, ಗೆಳೆಯರು ಎಲ್ಲಕ್ಕಿಂತ ಆಟವೇ ಮುಂದಾಗುವುದು. ನಷ್ಟವಾಗುತ್ತಿದೆ ಅಂತ ಕಂಡರೂ ಬಿಡಲಾಗದಿರುವುದು. ಸಾಮಾನ್ಯವಾಗಿ ಇದು ಹನ್ನೆರಡು ತಿಂಗಳಾದರೂ ಹೀಗೇ ನಡೆದಿರಬೇಕು. ಪರೀಕ್ಷೆ ಮುಗಿದ ಮೇಲೆ ಎರಡು ವಾರ ಹ್ಯಾಲೋ ಹ್ಯಾಲೋ ಅನ್ನುವ ಹುಡುಗ ರೋಗಿಯಲ್ಲ. ಈ ಮೂರೂ ಕಂಡರೆ ಮಾತ್ರ ಬೈಗುಳ, ಏಟು ಕೆಲಸಕ್ಕೆ ಬರುವುದಿಲ್ಲ, ವೈದ್ಯರು ಬೇಕು. ಅದಕ್ಕಾಗಿ ದೂರ ಹೋಗಬೇಕಾಗಿಲ್ಲ, ಕಿತ್ತೂರಿನಿಂದ ಹೆದ್ದಾರಿ ಹಿಡಿದರೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ‘ಶಟ್’ ಕ್ಲಿನಿಕ್ ನಡೆಯುತ್ತಿದೆ. ಮನೆಯಿಂದಲೇ ಮಾತಾಡಬೇಕೆಂದರೆ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ‘ಜನ ಏನೆನ್ನುತ್ತಾರೆ’ ಅಂತ ಅಡಗಿಸಿಟ್ಟರೆ ಹುಡುಗನನ್ನೇ ಅಡಗಿಸಿಟ್ಟ ಹಾಗೆ.

ಇನ್ನು ಎರಡನೇ ಪ್ರಶ್ನೆ, ಪಕ್ಕದಲ್ಲಿ ಯಾರು? ಘಟ್ಟ ಹತ್ತಿ ಬಂದ ನಮ್ಮ ಮನೆಗಳಿಗೆ ಇದೇ ದೊಡ್ಡ ಪ್ರಶ್ನೆ. ಉಳ್ಳಾಲ, ಬಂಟ್ವಾಳದಲ್ಲಾದರೆ ಹುಡುಗ ಹೊರಗೆ ಕಾಲಿಟ್ಟರೆ ಹತ್ತು ಮನೆ ಸಂಬಂಧಿಕರು. ಇಲ್ಲಿ ಮನೆಯೊಳಗೆ ಬ್ಯಾರಿ, ಶಾಲೆಯಲ್ಲಿ ‘ಏನ್ ಮಾಡಾಕತ್ತೀಯೋ’ ಅನ್ನುವ ಕನ್ನಡ, ಪಳ್ಳಿಯಲ್ಲಿ ಉರ್ದು. ಮೂರು ಕಡೆಯೂ ಅವನು ಸ್ವಲ್ಪ ಹೊರಗಿನವನೇ. ಊರಿಗೆ ಹೋದರೆ ಅಲ್ಲಿಯವರೂ ‘ಬೆಳಗಾವಿಯವ’ ಅಂತ ನಗುತ್ತಾರೆ. ಬಾಪ ಅಂಗಡಿಯಲ್ಲಿ, ಉಮ್ಮ ಅಡುಗೆಮನೆಯಲ್ಲಿ. ಅವನ ಜೊತೆಗಿರುವುದು ಆ ಡಬ್ಬಿ, ಕಿವಿಗೆ ಸಿಕ್ಕಿಸಿದ ಹೆಡ್‌ಫೋನು, ಅದರಲ್ಲಿ ಮಾತಾಡುವ ಗುರುತಿಲ್ಲದ ಜನ. ಅನ್ಯಗ್ರಹದವರ ಭಯ ನನಗಿಲ್ಲ. ಆ ಹೆಡ್‌ಫೋನಿನ ಆಚೆ ಯಾರಿದ್ದಾರೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲವಲ್ಲ, ಅದರ ಭಯವಿದೆ.

ಕಂಪೆನಿಗಳೂ ಇದಕ್ಕೆ ತುಪ್ಪ ಸುರಿದಿವೆ. ಮೊದಲ ಹ್ಯಾಲೋದಲ್ಲಿ ಪರದೆಯನ್ನು ಎರಡು ಪಾಲು ಮಾಡಿ, ಒಂದೇ ಸೋಫಾದಲ್ಲಿ ಕೂತು ಇಬ್ಬರು ಕಥೆ ಮುಗಿಸಬಹುದಿತ್ತು. 2015ರ ಐದನೇ ಭಾಗದಲ್ಲಿ ಅದನ್ನು ತೆಗೆದರು. ‘ಹ್ಯಾಲೋ ಇನ್ಫಿನಿಟ್’ ಕಥೆಗೆ ಅದನ್ನು ಕೊಡುತ್ತೇವೆ ಅಂದವರು 2022ರಲ್ಲಿ ಕೈಬಿಟ್ಟರು. ಇಬ್ಬರು ಆಡಬೇಕಾದರೆ ಎರಡು ಕನ್ಸೋಲು, ಎರಡು ಟಿವಿ, ಇಂಟರ್‌ನೆಟ್ಟು. ಪಕ್ಕದಲ್ಲಿ ಕೂರುತ್ತಿದ್ದ ಅಣ್ಣ ತಮ್ಮಂದಿರನ್ನು ಬೇರೆ ಬೇರೆ ಕೋಣೆಗೆ ಕಳಿಸಿದ ಹಾಗಾಯಿತು. ಹಳೆಯ ಭಾಗಗಳನ್ನು ಒಟ್ಟು ಸೇರಿಸಿ 2014ರಲ್ಲಿ ಬಂದ ‘ಮಾಸ್ಟರ್ ಚೀಫ್ ಕಲೆಕ್ಷನ್’ನಲ್ಲಿ ಈಗಲೂ ಇಬ್ಬರು ಜೊತೆಗೆ ಕೂತು ಆಡಬಹುದು. ತರಿಸುವುದೇ ಆದರೆ ಮಾಮನಿಗೆ ಅದನ್ನೇ ತರಲು ಹೇಳಿ. ಅದರ ಮೂರನೇ ಭಾಗದಲ್ಲಿ ಎರಡನೇ ರಿಮೋಟು ಹಿಡಿದವನಿಗೆ ಸಿಗುವ ಪಾತ್ರ ಯಾವುದು ಗೊತ್ತೇ? ಆ ಅನ್ಯಗ್ರಹದವನದ್ದೇ. ಹಿಂದಿನ ಶತ್ರು ಈಗ ಭುಜಕ್ಕೆ ಭುಜ ಕೊಟ್ಟು ನಿಂತಿರುತ್ತಾನೆ. ನಾಲ್ಕು ಕಡೆಯೂ ಹೊರಗಿನವನಾದ ಹುಡುಗನಿಗೆ ಆ ಕಥೆ ಬೇಗ ಅರ್ಥವಾಗುತ್ತದೆ.

ಆ ಎರಡನೇ ರಿಮೋಟು ಮಗಳ ಕೈಗೂ ಹೋಗಲಿ. ನಮ್ಮ ಮನೆಗಳಲ್ಲಿ ಕನ್ಸೋಲ್ ಹುಡುಗನದ್ದು, ಚಹಾದ ಲೋಟ ಹುಡುಗಿಯದ್ದು. ಬೆರಳಿನ ಚುರುಕಿಗೆ ಗಂಡು ಹೆಣ್ಣಿನ ಭೇದ ಇಲ್ಲ. ಅಣ್ಣನಿಗೆ ಪಕ್ಕದಲ್ಲಿ ತಂಗಿ ಇದ್ದರೆ ಹೆಡ್‌ಫೋನಿನ ಗುರುತಿಲ್ಲದವನ ಅಗತ್ಯವೂ ಅರ್ಧ ಕಡಿಮೆಯಾಗುತ್ತದೆ.

‘ನಮಗೆಲ್ಲಿ ಪುರುಸೊತ್ತು?’ ಅನ್ನುತ್ತೀರಿ. ಅಂಗಡಿ ನಡೆಸುವವರಿಗೆ ಪುರುಸೊತ್ತು ಇಲ್ಲ, ನಿಜ. ವಾರಕ್ಕೆ ಒಂದು ಗಂಟೆ ಸಾಕು. ಕನ್ಸೋಲ್ ಕೋಣೆಯಿಂದ ಹಾಲ್‌ಗೆ ಬರಲಿ. ಬಾಗಿಲು ಹಾಕಿಕೊಂಡು ಆಡುವುದು ಬೇಡ. ಡಬ್ಬಿಯ ಮೇಲಿನ ವಯಸ್ಸಿನ ಗುರುತು ನೋಡಿ. ಮೊದಲ ಹ್ಯಾಲೋಗೆ ಅಮೆರಿಕದಲ್ಲಿ ಕೊಟ್ಟದ್ದು ಹದಿನೇಳು ದಾಟಿದವರ ಗುರುತು, ಆರನೇ ಕ್ಲಾಸಿನ ಹುಡುಗನ ಕೈಗೆ ಕೊಡುವಂಥದ್ದಲ್ಲ. ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್ ಎರಡರಲ್ಲೂ ದಿನಕ್ಕೆ ಎಷ್ಟು ಹೊತ್ತು, ಯಾರ ಜೊತೆ ಮಾತು, ದುಡ್ಡು ಖರ್ಚು ಮಾಡಬಹುದೋ ಇಲ್ಲವೋ ಅಂತ ಪೋಷಕರೇ ಬೀಗ ಹಾಕುವ ಸೌಲಭ್ಯ ಇದೆ. ಗಲ್ಲಾಪೆಟ್ಟಿಗೆಯ ಬೀಗ ಮರೆಯದ ನಾವು ಇದನ್ನು ಮರೆಯುವುದು ಯಾಕೆ? ದುಡ್ಡು ಕಟ್ಟಿ ಆಡುವ ಮೊಬೈಲ್ ಆಟಗಳು ಬೇರೆಯೇ ಸಂಗತಿ. ಅವನ್ನು ನಿಷೇಧಿಸುವ ಕಾಯ್ದೆ 2025ರ ಆಗಸ್ಟಿನಲ್ಲಿ ಆಗಿದೆ, ಅಲ್ಲಿ ರಿಯಾಯಿತಿಯ ಮಾತೇ ಬೇಡ.

ಮತ್ತೊಂದು, ಹುಡುಗನನ್ನು ಪರದೆಯಿಂದ ಎಬ್ಬಿಸಬೇಕಾದರೆ ಎದ್ದು ಹೋಗಲು ಒಂದು ಜಾಗ ಬೇಕು. ಸವದತ್ತಿಯವರಿಗೆ ಮಲಪ್ರಭೆಯ ನವಿಲುತೀರ್ಥ ಇದೆ. ಬೈಲಹೊಂಗಲದವರಿಗೆ ಸಂಗೊಳ್ಳಿ ಹತ್ತಿರ. ಬಂದೂಕಿನ ಹುಚ್ಚು ಇರುವ ಹುಡುಗನನ್ನು ಒಂದು ಭಾನುವಾರ ಕಿತ್ತೂರು ಕೋಟೆಗೆ ಕರೆದೊಯ್ಯಿರಿ. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಗುಂಡೇಟಿಗೆ ಸತ್ತದ್ದು ಅಲ್ಲೇ. ಗುರಿ ಇಟ್ಟವನು ಅಮಟೂರು ಬಾಳಪ್ಪ ಅಂತ ಈ ನಾಡಿನ ಜನ ಇವತ್ತಿಗೂ ಹೇಳುತ್ತಾರೆ. ಚೆನ್ನಮ್ಮ ಸೆರೆಯಲ್ಲಿ ತೀರಿಕೊಂಡದ್ದು ಬೈಲಹೊಂಗಲದಲ್ಲಿ, 1829ರಲ್ಲಿ, ಸಮಾಧಿಯೂ ಅಲ್ಲೇ ಇದೆ. ಆಟದಲ್ಲಿ ಸತ್ತವನು ಗುಂಡಿ ಒತ್ತಿದರೆ ಮತ್ತೆ ಏಳುತ್ತಾನೆ. ಕೋಟೆಯ ಬಿದ್ದ ಗೋಡೆಗಳ ಮಧ್ಯೆ ನಿಂತರೆ ಏಳದವರು ಎಷ್ಟು ಮಂದಿ ಅಂತ ಹುಡುಗನಿಗೆ ತಾನೇ ತಿಳಿಯುತ್ತದೆ. ನಾವು ಭಾಷಣ ಮಾಡಬೇಕಾಗಿಲ್ಲ.

ಮನೆಗೆ ಬಂದ ಡಬ್ಬಿಯನ್ನು ವಾಪಸು ಕಳಿಸಲು ಆಗುವುದಿಲ್ಲ. ಕಸಿದು ಕಪಾಟಿನಲ್ಲಿಟ್ಟರೆ ಹುಡುಗ ಮೊಬೈಲಿಗೆ ಹೋಗುತ್ತಾನೆ, ಅದು ಅವನ ಜೇಬಿನಲ್ಲೇ ಇದೆ, ನಮಗೆ ಕಾಣುವುದೂ ಇಲ್ಲ. ಅದಕ್ಕಿಂತ ಮುಂದಿನ ಶುಕ್ರವಾರ ಊಟದ ನಂತರ ಅಂಗಡಿಯನ್ನು ಹುಡುಗರ ಕೈಗೆ ಕೊಟ್ಟು ಒಂದು ಗಂಟೆ ಮನೆಯಲ್ಲಿ ಕೂರಿ. ಎರಡನೇ ರಿಮೋಟು ಕೇಳಿ ತೆಗೆದುಕೊಳ್ಳಿ. ಹತ್ತು ಸಲ ಸಾಯುತ್ತೀರಿ, ಮಗ ನಗುತ್ತಾನೆ, ಕಲಿಸಿಯೂ ಕೊಡುತ್ತಾನೆ. ಆ ಒಂದು ಗಂಟೆ ಜೊತೆಗೆ ಕೂತ ಬಾಪ ‘ಈಗ ಸಾಕು, ಮಲಗು’ ಅಂದರೆ ಆ ಮಾತಿಗೆ ಬೆಲೆ ಬರುತ್ತದೆ.