ಕನೆಕ್ಟರ್ ಕೂತರೆ ಕೇಬಲ್ ಸರಿ ಎಂದರ್ಥವೇ?

"ಪಿನ್ ಕೂತಿತಲ್ಲ, ಅಂದ ಮೇಲೆ ಕೇಬಲ್ ಸರಿಯಿದೆ." ಹಳೆಯ ಕಂಪ್ಯೂಟರ್‌ಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕುವಾಗ ನಮ್ಮಲ್ಲಿ ಅನೇಕರು ಹೀಗೇ ನಂಬುತ್ತೇವೆ. ಯಾವ ಚಾರ್ಜರನ್ನು ಯಾವ ಮೊಬೈಲಿಗೆ ಹಾಕಿದರೂ ನಡೆಯುವ ಕಾಲದಲ್ಲಿ ಇದು ಸಹಜವೇ. ಆದರೆ ಕಂಪ್ಯೂಟರಿನ ಒಳಗೆ ಇದೇ ನಂಬಿಕೆ ಕಾರ್ಡನ್ನಷ್ಟೇ ಅಲ್ಲ, ವರ್ಷಗಳ ಫೋಟೊಗಳಿರುವ ಹಾರ್ಡ್ ಡಿಸ್ಕನ್ನೂ ಸುಡಬಲ್ಲದು.

ಯಾವುದರಿಂದ ಎಷ್ಟು ವಿದ್ಯುತ್?

ಮದರ್‌ಬೋರ್ಡಿನ ಸ್ಲಾಟ್ ಕಾರ್ಡಿಗೆ ಕೊಡುವುದು ಗರಿಷ್ಠ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದರೆ ಪವರ್ ಸಪ್ಲೈನಿಂದ, ಅಂದರೆ ನಾವು ಎಸ್‌ಎಂಪಿಎಸ್ ಎನ್ನುವ ಪೆಟ್ಟಿಗೆಯಿಂದ, ನೇರ ಕೇಬಲ್ ಬೇಕು. 6 ಪಿನ್ ಕನೆಕ್ಟರಿಗೆ 75 ವ್ಯಾಟ್, 8 ಪಿನ್ನಿನದಕ್ಕೆ 150 ವ್ಯಾಟ್, ಹೊಸ 16 ಪಿನ್ನಿನದಕ್ಕೆ 600 ವ್ಯಾಟ್‌ವರೆಗೆ ಮಿತಿ ಇದೆ.

ತಪ್ಪು ಆಗುವುದೆಲ್ಲಿ?

ಮೊದಲನೆಯದು ಅಗ್ಗದ ಅಡಾಪ್ಟರ್. ಹಾರ್ಡ್ ಡಿಸ್ಕಿಗೆಂದು ಇರುವ ಸಾಟಾ ಪವರ್ ಕನೆಕ್ಟರ್ 12 ವೋಲ್ಟ್‌ನಲ್ಲಿ ಕೊಡಬಲ್ಲದ್ದು 4.5 ಆಂಪಿಯರ್, ಅಂದರೆ 54 ವ್ಯಾಟ್. ಅದನ್ನು 8 ಪಿನ್ನಾಗಿ ಬದಲಿಸುವ ಅಡಾಪ್ಟರ್ ಹಾಕಿದರೆ ಕಾರ್ಡ್ 150 ವ್ಯಾಟ್ ಸಿಗುತ್ತದೆಂದೇ ತಿಳಿದು ಎಳೆಯುತ್ತದೆ. ತೆಳು ಪಿನ್ನು ಕಾದು ಕರಗುತ್ತದೆ.

ಎರಡನೆಯದು ಬಿಡಿಸಿ ಜೋಡಿಸಬಹುದಾದ ಮಾಡ್ಯುಲರ್ ಕೇಬಲ್. ಕಾರ್ಡಿನ ಕಡೆಯ ತುದಿಗೆ ಒಂದೇ ಮಾನದಂಡವಿದೆ. ಪವರ್ ಸಪ್ಲೈ ಕಡೆಯ ತುದಿಗೆ ಇಲ್ಲ. ಅಲ್ಲಿ ಪಿನ್ನುಗಳ ಕ್ರಮ ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಒಂದೇ ಕಂಪನಿಯ ಮಾದರಿಗಳಲ್ಲೂ ಬೇರೆ. ಹಳೆಯ ಪೆಟ್ಟಿಗೆಯ ಕೇಬಲ್ ಹೊಸದಕ್ಕೆ ಸಲೀಸಾಗಿ ಕೂರಬಹುದು. ಆದರೆ 5 ವೋಲ್ಟ್ ಹೋಗಬೇಕಾದ ತಂತಿಯಲ್ಲಿ 12 ವೋಲ್ಟ್ ಹರಿದರೆ ಡಿಸ್ಕ್ ಅಲ್ಲಿಗೇ ಮುಗಿಯಿತು.

ಮೂರನೆಯದು ಪ್ರೊಸೆಸರಿನ 8 ಪಿನ್. ನೋಡಲು ಕಾರ್ಡಿನದರಂತೆಯೇ ಇದ್ದರೂ ಅದರಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ಸ್ಥಾನಗಳು ಅದಲುಬದಲು. ಪಿನ್ನುಗಳ ಆಕಾರ ಬೇರೆಯಾದ್ದರಿಂದ ಅದು ಸುಲಭಕ್ಕೆ ಕೂರದು. ಒತ್ತಿ ಕೂರಿಸಬೇಡಿ.

ಸರಿಯಾದ ಕೇಬಲ್ಲೂ ಕರಗಿದ್ದೇಕೆ?

2022ರಲ್ಲಿ ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 4090 ಕಾರ್ಡಿನ 16 ಪಿನ್ ಕನೆಕ್ಟರ್ ಕೆಲವೆಡೆ ಕರಗಿತು. ಸುಮಾರು 50 ಪ್ರಕರಣಗಳು ತಿಳಿದಿವೆ, ಕನೆಕ್ಟರನ್ನು ಪೂರ್ತಿ ಒಳಗೆ ತಳ್ಳದಿರುವುದು ಅವುಗಳಲ್ಲಿ ಕಂಡ ಸಾಮಾನ್ಯ ದೋಷ ಎಂದು ಕಂಪನಿ ಆ ನವೆಂಬರಿನಲ್ಲಿ ಹೇಳಿತು. 600 ವ್ಯಾಟ್ ಎಂದರೆ 50 ಆಂಪಿಯರ್. ಆರು ಪಿನ್ನುಗಳಿಗೆ ಹಂಚಿದರೆ ಒಂದೊಂದಕ್ಕೆ 8ಕ್ಕೂ ಹೆಚ್ಚು. ಒಂದೆರಡು ಪಿನ್ ಸಡಿಲವಾದರೆ ಹೊರೆಯೆಲ್ಲ ಉಳಿದವುಗಳ ಮೇಲೆ. ವಿದ್ಯುತ್ ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ತಪ್ಪನ್ನು ಬಳಕೆದಾರರ ಮೇಲಷ್ಟೇ ಹೊರಿಸುವಂತಿಲ್ಲ, ವಿನ್ಯಾಸವನ್ನೂ ಬದಲಿಸಬೇಕಾಯಿತು. 2023ರ ಪರಿಷ್ಕೃತ ರೂಪದಲ್ಲಿ ಸಂಕೇತದ ಪಿನ್ನುಗಳನ್ನು ಗಿಡ್ಡ ಮಾಡಲಾಗಿದೆ. ಕನೆಕ್ಟರ್ ಸರಿಯಾಗಿ ಕೂರದಿದ್ದರೆ ಕಾರ್ಡಿಗೆ ಅನುಮತಿಯ ಸಂಕೇತವೇ ಸಿಗದು.

ಹಾಗಾಗಿ ಪವರ್ ಸಪ್ಲೈ ಜತೆ ಬಂದ ಕೇಬಲನ್ನೇ ಬಳಸೋಣ, ಪೂರ್ತಿ ಒಳಗೆ ತಳ್ಳೋಣ, ಬುಡದಲ್ಲೇ ಬಗ್ಗಿಸದಿರೋಣ. ಕನೆಕ್ಟರಿನ ಆಕಾರ ಹೊಂದಿಕೆಯ ಮೊದಲ ಪರೀಕ್ಷೆ ಮಾತ್ರ, ಕೊನೆಯದಲ್ಲ.